ಬಾಲ್ಯದ ಆಘಾತಕ್ಕೆ ಚೀನೀ ವೈದ್ಯ, ದಾವ್ ಸಾಧನೆ: ಎಲ್ಲಿಂದ ಶುರು ಮಾಡಬೇಕು, ಯಾವುದು ಸದ್ಯಕ್ಕೆ ಬೇಡ?

ಹೊಂಗೆನೆರಳು:

ಹೊಡೆತ, ಲೈಂಗಿಕ ದೌರ್ಜನ್ಯ, ದಿನವಿಡೀ ಬೈಗುಳ, ಯಾವಾಗ ಏನಾಗುತ್ತದೋ ಎಂಬ ಮನೆ. ಇಂಥದ್ದರಲ್ಲಿ ಬೆಳೆದವರಿಗೆ ನಲವತ್ತು ದಾಟಿದರೂ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಬಾಗಿಲು ಬಡಿದರೆ ಎದೆ ಹಾರುತ್ತದೆ, ಗಂಟಲು ಕಟ್ಟುತ್ತದೆ, ಊಟ ಸೇರುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಇದಕ್ಕೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನೋಬಾಧೆಯ ಜಟಿಲ ರೂಪ) ಎಂಬ ಪ್ರತ್ಯೇಕ ಹೆಸರೂ ಬಂದಿದೆ.

ಆಕ್ಯುಪಂಕ್ಚರ್ ಸೂಜಿ, ಚಿಗೊಂಗ್ ಎಂಬ ಉಸಿರು-ಚಲನೆಯ ಅಭ್ಯಾಸ, ಚೀನಾದ ದಾವ್ ಪಂಥದ ಧ್ಯಾನಗಳಿಂದ ಇದು ಗುಣವಾಗುತ್ತದೆ ಎಂದು ಹೇಳುವ ಶಿಬಿರಗಳು ಹೆಚ್ಚುತ್ತಿವೆ. ಕೆಲವು ಕಡೆ ಮೊದಲ ದಿನವೇ ಕಣ್ಣುಮುಚ್ಚಿ ಒಂದು ಗಂಟೆ ಕೂರಿಸುತ್ತಾರೆ, ಹೊಕ್ಕುಳ ಕೆಳಗೆ ಗಮನ ಇಡಿ ಅನ್ನುತ್ತಾರೆ, ಬೆನ್ನುಹುರಿಯಲ್ಲಿ ಚಿ (ಚೀನೀ ವೈದ್ಯ ಹೇಳುವ ಪ್ರಾಣಶಕ್ತಿ) ಹತ್ತಿಸಿ ಇಳಿಸುವ ‘ಚಿಕ್ಕ ವರ್ತುಲ’ ಕಲಿಸುತ್ತಾರೆ. ಆಘಾತ ಅನುಭವಿಸಿದವರಿಗೆ ಇದು ಸರಿಯೇ? ಮೂಲ ಗ್ರಂಥಗಳು ಏನು ಹೇಳುತ್ತವೆ, ಕ್ರಮ ಯಾವುದು, ಬಿಂದುಗಳು ಯಾವುವು, ಗಿಡಮೂಲಿಕೆಯಲ್ಲಿ ಅಪಾಯ ಎಲ್ಲಿದೆ? ಗೊತ್ತಿರುವವರು ವಿವರವಾಗಿ ಬರೆಯಿರಿ.

ಸೂಜಿಮೊನೆ:

ಗ್ರಂಥದಿಂದಲೇ ಶುರು ಮಾಡುತ್ತೇನೆ. ಚಿಕಿತ್ಸೆಯ ಕ್ರಮ ಅಲ್ಲಿಂದಲೇ ಹೊರಡುತ್ತದೆ.

ಚೀನೀ ವೈದ್ಯದ ಮೂಲ ಗ್ರಂಥ ಹುವಾಂಗ್‌ದಿ ನೇಯ್‌ಜಿಂಗ್‌ನ ಮೊದಲ ಭಾಗವಾದ ಸುವೆನ್‌ನ 39ನೇ ಅಧ್ಯಾಯದಲ್ಲಿ ಒಂದೊಂದು ಭಾವ ಚಿಗೆ ಏನು ಮಾಡುತ್ತದೆ ಎಂದಿದೆ. ಕೋಪದಲ್ಲಿ ಮೇಲೇರುತ್ತದೆ, ದುಃಖದಲ್ಲಿ ಕರಗುತ್ತದೆ, ಚಿಂತೆಯಲ್ಲಿ ಗಂಟಾಗುತ್ತದೆ. ಭಯದಲ್ಲಿ ಕೆಳಗಿಳಿಯುತ್ತದೆ, ಬೆಚ್ಚಿದಾಗ ಚೆಲ್ಲಾಪಿಲ್ಲಿಯಾಗುತ್ತದೆ. ಕೊನೆಯ ಎರಡನ್ನು ಬೇರೆಬೇರೆಯಾಗಿ ಇಟ್ಟಿರುವುದನ್ನು ಗಮನಿಸಿ. ಬೆಚ್ಚುವುದು ಹೊರಗಿನಿಂದ ಥಟ್ಟನೆ ಬಂದು ಹೃದಯವನ್ನು ತಟ್ಟುತ್ತದೆ. ಆಗ ಹೃದಯಕ್ಕೆ ಒರಗಲು ಜಾಗವಿಲ್ಲ, ಶೆನ್‌ಗೆ (ಚೇತನಕ್ಕೆ) ಹಿಂದಿರುಗಲು ಮನೆಯಿಲ್ಲ, ಯೋಚನೆಗೆ ನಿಲ್ಲಲು ನೆಲೆಯಿಲ್ಲ ಎನ್ನುತ್ತದೆ ಅದೇ ಅಧ್ಯಾಯ. ಭಯ ವರ್ಷಗಟ್ಟಲೆ ಒಳಗೇ ಕೂತು ಮೂತ್ರಪಿಂಡದ ನೀರನ್ನು ಬತ್ತಿಸುತ್ತದೆ (ಈ ಶಾಸ್ತ್ರದಲ್ಲಿ ಮೂತ್ರಪಿಂಡ ನೀರಿನ ಅಂಗ, ಹೃದಯ ಬೆಂಕಿಯದು). ಬಾಲ್ಯದ ಆಘಾತದಲ್ಲಿ ಎರಡೂ ಕೂಡಿರುತ್ತವೆ. ಮೇಲೆ ಹೃದಯದ ಬೆಂಕಿ ಹಾರಾಡುತ್ತದೆ, ಕೆಳಗೆ ನೀರು ತಣ್ಣಗೆ ಸೋರುತ್ತದೆ, ನಡುವೆ ಅವೆರಡನ್ನು ಕೂಡಿಸುವವರಿಲ್ಲ. ನಿದ್ದೆಗೇಡು, ತಣ್ಣನೆಯ ಪಾದ, ಬಿಸಿ ಅಂಗೈ, ಪದೇಪದೇ ಮೂತ್ರ ಒಟ್ಟಿಗೆ ಕಾಣುವುದು ಇದಕ್ಕೇ.

ಗರ್ಭದಲ್ಲಿರುವಾಗಲೇ ತಟ್ಟುವ ಭಯದ ಬಗ್ಗೆಯೂ ಸುವೆನ್ ಬರೆದಿದೆ. 47ನೇ ಅಧ್ಯಾಯದಲ್ಲಿ, ತಾಯಿ ಬಸಿರಿನಲ್ಲಿದ್ದಾಗ ಬಲವಾಗಿ ಬೆಚ್ಚಿದರೆ ಚಿ ಮೇಲೇರಿ ಕೆಳಗಿಳಿಯದೆ, ಹುಟ್ಟುವ ಮಗುವಿಗೆ ಮೂರ್ಛೆಯಂಥ ಕಾಯಿಲೆ ಬರುತ್ತದೆ ಎಂದಿದೆ. ಇದನ್ನು ಇವತ್ತಿನ ವೈದ್ಯವಿಜ್ಞಾನ ಅಂತ ಓದಬೇಡಿ. ಆದರೆ ಎರಡು ಸಾವಿರ ವರ್ಷದ ಹಿಂದೆಯೇ ಅವರು ಕಾಯಿಲೆಯ ಬೇರನ್ನು ನೆನಪು ಮೂಡುವ ಮೊದಲಿನ ವಯಸ್ಸಿನಲ್ಲಿ ಹುಡುಕಿದ್ದರು ಅನ್ನುವುದು ದೊಡ್ಡ ಮಾತು.

ನೇಯ್‌ಜಿಂಗ್‌ನ ಎರಡನೇ ಭಾಗವಾದ ಲಿಂಗ್‌ಶುವಿನ 8ನೇ ಅಧ್ಯಾಯ ಐದು ಅಂಗಗಳಿಗೆ ಐದು ಚೈತನ್ಯ ಹೇಳುತ್ತದೆ: ಹೃದಯಕ್ಕೆ ಶೆನ್, ಯಕೃತ್ತಿಗೆ ಹುನ್, ಶ್ವಾಸಕೋಶಕ್ಕೆ ಪೋ, ಗುಲ್ಮಕ್ಕೆ ಯಿ, ಮೂತ್ರಪಿಂಡಕ್ಕೆ ಜಿ. ಚಿಕಿತ್ಸೆಯಲ್ಲಿ ಇದು ಕೆಲಸಕ್ಕೆ ಬರುತ್ತದೆ. ಕೆಟ್ಟ ಕನಸು, ರಾತ್ರಿ ಅಲೆದಾಟ ಮುಂದಿದ್ದರೆ ಹುನ್ ಕಡೆ ನೋಡುತ್ತೇವೆ. ಮೈ ಮರಗಟ್ಟಿದ ಹಾಗೆ, ಚರ್ಮ ತನ್ನದಲ್ಲ ಅನ್ನಿಸಿದರೆ ಪೋ. ಒಂದೇ ಯೋಚನೆ ಸುತ್ತುತ್ತಿದ್ದರೆ ಯಿ.

ಇನ್ನು ಮುಖ್ಯ ಮಾತು. ಸುವೆನ್‌ನ 5ನೇ ಅಧ್ಯಾಯದಲ್ಲಿ ಭಯವನ್ನು ಗೆಲ್ಲುವುದು ಚಿಂತನೆ, ಅಂದರೆ ನೀರನ್ನು ತಡೆಯುವುದು ಮಣ್ಣು ಎಂದಿದೆ. ಮಣ್ಣು ಅಂದರೆ ಗುಲ್ಮ ಮತ್ತು ಜಠರ: ಹೊತ್ತಿಗೆ ಊಟ, ನೆಲದ ಮೇಲೆ ಪಾದ, ಎಣಿಕೆ, ದಿನಚರಿ. ಹಾಗಾಗಿ ಭಯ ಕೂತಿರುವ ಮೂತ್ರಪಿಂಡವನ್ನು ನೇರವಾಗಿ ಕೆದಕಬಾರದು, ಮೊದಲು ಒಡ್ಡು ಕಟ್ಟಬೇಕು. ಮೊದಲ ದಿನವೇ ಧ್ಯಾನಕ್ಕೆ ಕೂರಿಸುವವರು ಒಡ್ಡು ಕಟ್ಟದೆ ತೂಬು ಎತ್ತುತ್ತಿದ್ದಾರೆ.

ಹೊಳೆದಂಡೆ:

ಸೂಜಿಮೊನೆ ಅವರ ಕೊನೆಯ ಮಾತಿಗೆ ದಾವ್ ಗ್ರಂಥಗಳಲ್ಲೂ ಆಧಾರವಿದೆ. ಮೌನವಾಗಿ ಕೂರುವ ‘ಜುವೊವಾಂಗ್’ ಸಾಧನೆಯನ್ನು ವಿವರಿಸಿದ ತಾಂಗ್ ಕಾಲದ ಸಿಮಾ ಚೆಂಗ್‌ಜೆನ್ (647–735) ಏಳು ಮೆಟ್ಟಿಲು ಹೇಳಿದ್ದಾನೆ. ಮೊದಲನೆಯದು ಶ್ರದ್ಧೆ, ಎರಡನೆಯದು ಲೌಕಿಕ ತೊಡಕು ಬಿಡಿಸಿಕೊಳ್ಳುವುದು. ಮನಸ್ಸನ್ನು ಒಳಗೆ ತರುವುದು ಮೂರನೆಯದು, ಗಟ್ಟಿಯಾದ ಸ್ಥಿರತೆ ಆರನೆಯದು. ಮನೆ, ಹಣ, ಜಗಳ, ಅಪಾಯಗಳ ತೊಡಕು ಬಿಡಿಸದೆ ಕೂತರೆ ಪ್ರಯೋಜನವಿಲ್ಲ ಅನ್ನುವುದು ಅವನ ಕ್ರಮದಲ್ಲೇ ಇದೆ. ಹಿಂಸೆ ಕೊಟ್ಟವರ ಜೊತೆ ಇನ್ನೂ ಒಂದೇ ಮನೆಯಲ್ಲಿರುವವರಿಗೆ ಆ ಎರಡನೇ ಮೆಟ್ಟಿಲೇ ಚಿಕಿತ್ಸೆ.

ಹಳೆಯ ದಾವ್ ಗ್ರಂಥ ಜುವಾಂಗ್‌ಜಿಯ 6ನೇ ಅಧ್ಯಾಯದಲ್ಲಿ ನಿಜವಾದ ಮನುಷ್ಯ ಹಿಮ್ಮಡಿಯಿಂದ ಉಸಿರಾಡುತ್ತಾನೆ, ಸಾಮಾನ್ಯರು ಗಂಟಲಿನಿಂದ ಉಸಿರಾಡುತ್ತಾರೆ ಎಂಬ ಮಾತಿದೆ. ಬೆಚ್ಚಿದವರ ಉಸಿರು ನಿಜಕ್ಕೂ ಗಂಟಲಲ್ಲೇ ನಿಂತಿರುತ್ತದೆ. ಅದನ್ನು ಹಿಮ್ಮಡಿಗೆ ಇಳಿಸುವುದೇ ಮೊದಲ ತಿಂಗಳುಗಳ ಕೆಲಸ. ಹೇಗೆ ಮಾಡಬೇಕು ಅಂದರೆ:

ನಿಲ್ಲುವುದರಿಂದ ಶುರು. ದೀಪ ಉರಿಯುತ್ತಿರಲಿ, ಬಾಗಿಲು ಕಣ್ಣಿಗೆ ಕಾಣುತ್ತಿರಲಿ, ಬೆನ್ನ ಹಿಂದೆ ಒಂದು ಗೇಣು ದೂರದಲ್ಲಿ ಗೋಡೆಯಿರಲಿ. ಹಿಂದಿನಿಂದ ಯಾರೂ ಬರಲಾರರು ಎಂದು ಮೈಗೆ ಗೊತ್ತಾಗಬೇಕು. ಪಾದಗಳು ಭುಜದಷ್ಟು ಅಗಲ, ಮಂಡಿಯ ಬಿಗಿ ಬಿಟ್ಟಿರಬೇಕು, ಬಗ್ಗಿರಬಾರದು. ಭಾರ ಮೂರು ಕಡೆ ಹಂಚಿರಲಿ: ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ. ಕಣ್ಣು ತೆರೆದೇ ಇರಲಿ, ಎರಡು ಮೀಟರ್ ದೂರದ ನೆಲ ನೋಡಲಿ. ಮೊದಲ ವಾರ 2 ನಿಮಿಷ ಸಾಕು, ಆಮೇಲೆ ವಾರಕ್ಕೆ ಒಂದು ನಿಮಿಷದಂತೆ ಏರಿಸಿ, 10ಕ್ಕೆ ನಿಲ್ಲಿಸಿ. ತೊಡೆ ನಡುಗುವುದು ಸಹಜ. ಹಲ್ಲು ಕಚ್ಚಿಕೊಂಡು ತಡೆದರೆ ಆ ನಡುಕ ದವಡೆಗೆ, ಹೆಗಲಿಗೆ ಹತ್ತುತ್ತದೆ. ಹಾಗಾದರೆ ನಿಲ್ಲಿಸಿ, ಮಂಡಿಯಿಂದ ಇಡೀ ಮೈಯನ್ನು ಒಂದು ನಿಮಿಷ ಸಡಿಲವಾಗಿ ಕುಲುಕಿ, ನಡೆದಾಡಿ.

ಇದಾದ ಮೇಲೆ ಬಾದುವಾನ್‌ಜಿನ್, ಅಂದರೆ ಎಂಟು ಚಲನೆಗಳ ಸರಣಿ. ಆಘಾತವಿರುವವರಿಗೆ ಎಂಟನ್ನೂ ಒಟ್ಟಿಗೆ ಕಲಿಸಬೇಡಿ. ಮೂರನೆಯದು ಒಂದು ಕೈ ಮೇಲೆ, ಒಂದು ಕೈ ಕೆಳಗೆ ಒತ್ತುವುದು. ಗುಲ್ಮ ಮತ್ತು ಜಠರಕ್ಕೆ. ಎಂಟನೆಯದು ಹಿಮ್ಮಡಿ ಎತ್ತಿ ಏಳು ಸಲ ಮೆಲ್ಲಗೆ ಕುಕ್ಕುವುದು. ಮೊದಲು ಈ ಎರಡೇ. ಏಳನೆಯದರಲ್ಲಿ ಮುಷ್ಟಿ ಕಟ್ಟಿ ಕಣ್ಣು ಕೆಕ್ಕರಿಸಿ ಗುದ್ದಬೇಕು. ಬಾಲ್ಯದಲ್ಲಿ ಕೋಪ ತೋರಿಸಲು ಅವಕಾಶವೇ ಇಲ್ಲದವರಿಗೆ ಇದು ಬಹಳ ಒಳ್ಳೆಯದು, ಆದರೆ ತಿಂಗಳಾದರೂ ಕಳೆಯಲಿ. ಬೇಗ ಕೊಟ್ಟರೆ ಕೋಪದ ಬದಲು ಅಳು, ತಲೆಸುತ್ತು ಬರುತ್ತದೆ.

ಆರು ಧ್ವನಿಗಳು (ಲಿಯು ಜಿ ಜ್ವೆ) ಮೂರನೆಯ ಹಂತ. ಮಾವೋಶಾನ್‌ನ ದಾವ್ ವೈದ್ಯ ತಾವೋ ಹೊಂಗ್‌ಜಿಂಗ್ (456–536) ಬರೆದಿಟ್ಟದ್ದು: ಒಳಗೆಳೆಯುವ ಉಸಿರು ಒಂದೇ ಬಗೆ, ಬಿಡುವ ಉಸಿರು ಆರು ಬಗೆ. ಇಂದಿನ ಚೀನೀ ಆರೋಗ್ಯ ಚಿಗೊಂಗ್ ಸರಣಿಯಲ್ಲಿ ಯಕೃತ್ತಿಗೆ ‘ಶ್ಯೂ’, ಹೃದಯಕ್ಕೆ ‘ಹ’, ಗುಲ್ಮಕ್ಕೆ ‘ಹೂ’, ಶ್ವಾಸಕೋಶಕ್ಕೆ ‘ಸ್’, ಮೂತ್ರಪಿಂಡಕ್ಕೆ ‘ಚುಯ್’, ಕೊನೆಗೆ ‘ಶೀ’, ಒಂದೊಂದೂ ಆರು ಸಲ. ಇಲ್ಲೂ ಮೊದಲು ‘ಹೂ’ ಮತ್ತು ‘ಚುಯ್’ ಸಾಕು. ಹಳೆಯ ಗ್ರಂಥಗಳು ಧ್ವನಿ ತನ್ನ ಕಿವಿಗೂ ಕೇಳಬಾರದು ಅನ್ನುತ್ತವೆ, ಹೊಸದಾಗಿ ಕಲಿಯುವವರು ಕೇಳುವಂತೆಯೇ ಮಾಡಲಿ. ಮೂಗಿನಿಂದ ಎಳೆದು ಬಾಯಿಂದ ಬಿಡಿ, ನಡುವೆ ಹಿಡಿಯಬೇಡಿ. ತುಟಿ, ಬೆರಳ ತುದಿ ಜುಮುಜುಮು ಅಂದರೆ ಉಸಿರು ಅತಿಯಾಗಿದೆ. ಧ್ವನಿ ನಿಲ್ಲಿಸಿ ಮಾಮೂಲಿ ಉಸಿರಾಡುತ್ತಾ ಕುಳಿತರೆ ಕೆಲವು ನಿಮಿಷದಲ್ಲಿ ಹೋಗುತ್ತದೆ.

ಚಿಕ್ಕ ವರ್ತುಲ, ಉಸಿರು ಹಿಡಿಯುವುದು, ಹೊಟ್ಟೆ ಒಳಗೆಳೆದು ಮಾಡುವ ತಿರುವು ಉಸಿರಾಟ, ನೆತ್ತಿಯಲ್ಲಿ ಗಮನ. ಇವು ನಾಲ್ಕೂ ಬೇಡ. ಚೀನಾದಲ್ಲಿ ಇವುಗಳಿಂದ ಕೆಡುವುದಕ್ಕೆ ಹಳೆಯ ಹೆಸರೇ ಇದೆ, ‘ಜೌ ಹುವೊ ರು ಮೋ’. ಅಮೆರಿಕದ ಮನೋವೈದ್ಯರ 1994ರ ಕೈಪಿಡಿ ಡಿಎಸ್‌ಎಂ-4 ಚಿಗೊಂಗ್‌ನಿಂದ ಬರುವ ಮನೋವಿಕಲತೆಯನ್ನು ಪಟ್ಟಿ ಮಾಡಿತ್ತು. ನೆತ್ತಿಯಲ್ಲಿ ಒತ್ತಡ, ನಿದ್ದೆ ಬಾರದಿದ್ದರೂ ಆಯಾಸವಿಲ್ಲದಿರುವುದು, ತಾನೇ ವಿಶೇಷ ಎಂಬ ಉಬ್ಬರ ಮೊದಲ ಲಕ್ಷಣಗಳು. ಆಗ ಎಲ್ಲ ಸಾಧನೆ ನಿಲ್ಲಿಸಿ, ಬಿಸಿ ಅನ್ನ ಉಣ್ಣಿ, ಮಣ್ಣಲ್ಲಿ ನಡೆಯಿರಿ, ಪಾದ ಬೆಚ್ಚಗಿಡಿ. ಧ್ವನಿ ಕೇಳಿಸತೊಡಗಿದರೆ ಗುರುವಿನ ಬಳಿ ಹೋಗಬೇಡಿ, ಅದೇ ದಿನ ಮನೋವೈದ್ಯರ ಬಳಿ ಹೋಗಿ.

ಹೊಂಗೆನೆರಳು:

ಹೊಳೆದಂಡೆ ಸರ್, ಹೊಕ್ಕುಳ ಕೆಳಗಿನ ಗಮನದ ಬಗ್ಗೆ ಹೇಳಲಿಲ್ಲ. ಬಹುತೇಕ ಎಲ್ಲ ಶಾಲೆಗಳೂ ಅದನ್ನೇ ಅಡಿಪಾಯ ಅನ್ನುತ್ತವಲ್ಲ?

ಮಾತುಕತೆ:

ಅದಕ್ಕೆ ನಾನು ಉತ್ತರಿಸುತ್ತೇನೆ, ಇದು ಸಮಾಲೋಚನೆಯ ಕೋಣೆಗೆ ನೇರವಾಗಿ ಬರುವ ವಿಷಯ. ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಕಿಬ್ಬೊಟ್ಟೆಯ ಮೇಲೆ ಗಮನ ಇಡು ಅಂದರೆ ಮೈ ಅಲ್ಲಿಂದಲೇ ಹಳೆಯ ದೃಶ್ಯಕ್ಕೆ ಜಾರಬಹುದು. ಉಸಿರಿನ ಮೇಲೆ ಗಮನವೂ ಹಾಗೆಯೇ. ಉಸಿರು ಕಟ್ಟಿದ ಅನುಭವ ಇದ್ದವರಿಗೆ ಅದು ಆಸರೆಯಲ್ಲ, ಬೆದರಿಕೆ. ಅಂಥವರಿಗೆ ಗಮನದ ಜಾಗ ಅಂಗಾಲು, ಅಂಗೈ ಅಥವಾ ಹೊರಗಿನ ಒಂದು ವಸ್ತು. ಯಾವ ಜಾಗ ಎಂದು ಕಲಿಸುವವರು ನಿರ್ಧರಿಸಬಾರದು, ಕಲಿಯುವವರೇ ಆರಿಸಲಿ.

ನಿಲ್ಲಿಸುವ ಗುರುತುಗಳನ್ನು ಮೊದಲೇ ಮಾತಾಡಿಕೊಳ್ಳಿ. ಕೋಣೆ ದೂರ ಸರಿದ ಹಾಗೆ, ದನಿ ಬಾವಿಯಿಂದ ಬಂದ ಹಾಗೆ, ಕೈ ತನ್ನದಲ್ಲ ಅನ್ನಿಸಿದರೆ ಅದು ಶಾಂತಿಯಲ್ಲ, ಡಿಸೋಸಿಯೇಷನ್, ಅಂದರೆ ಮನಸ್ಸು ಮೈಯಿಂದ ಕಳಚಿಕೊಳ್ಳುವುದು. ಹೊರಗಿನಿಂದ ನೋಡಿದರೆ ಆಳವಾದ ಧ್ಯಾನದ ಹಾಗೇ ಕಾಣುತ್ತದೆ, ಆದ್ದರಿಂದಲೇ ಶಿಬಿರಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಆಗ ಕಣ್ಣು ತೆರೆಸಿ, ಹೆಸರು ಹಿಡಿದು ಕರೆಯಿರಿ, ಕೋಣೆಯಲ್ಲಿರುವ ಐದು ವಸ್ತು ಹೆಸರಿಸಲು ಹೇಳಿ, ಪಾದ ಒತ್ತಿಸಿ. ಮುಟ್ಟಬೇಡಿ.

ಇನ್ನೊಂದು ವಿಷಯ ಸ್ಪಷ್ಟವಾಗಿರಲಿ. ಪಿಟಿಎಸ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದ್ದು ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಹದಗೊಳಿಸುವ ಚಿಕಿತ್ಸೆ). ಚೀನೀ ವೈದ್ಯ ಅದರ ಜೊತೆ ನಡೆಯಬಹುದು, ಅದರ ಜಾಗಕ್ಕೆ ಬರಬಾರದು. ನಿದ್ದೆ ಸುಧಾರಿಸಿ, ಊಟ ಸೇರತೊಡಗಿ, ಮೈ ಸ್ವಲ್ಪ ಸುರಕ್ಷಿತ ಅನ್ನಿಸಿದಾಗ ಮಾತಿನ ಚಿಕಿತ್ಸೆ ಹಿಡಿಯುವುದೂ ಸುಲಭವಾಗುತ್ತದೆ. ಈ ವಿದ್ಯೆಗಳಿಂದ ನಾನು ನಿರೀಕ್ಷಿಸುವುದು ಅದನ್ನೇ. ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು, ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ-ಆತಂಕದ ಮಾತ್ರೆ ಥಟ್ಟನೆ ಬಿಟ್ಟರೆ ಬರುವ ತಲೆಸುತ್ತು, ಕಳವಳವನ್ನು ‘ವಿಷ ಹೊರಬರುತ್ತಿದೆ’ ಎಂದು ನಂಬಿಸುವವರಿದ್ದಾರೆ. ಆತ್ಮಹತ್ಯೆಯ ಯೋಚನೆ ಇದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಬೇರುನಾರು:

ಮೂಲಿಕೆಗಳ ಬಗ್ಗೆ.

ಈ ವಿಷಯಕ್ಕೆ ಅತಿ ಹತ್ತಿರದ ಕಷಾಯ ಗಾನ್ ಮೈ ದಾ ಜಾವೊ. ಹಾನ್ ಕಾಲದ ಕೊನೆಯ ವೈದ್ಯ ಜಾಂಗ್ ಜೊಂಗ್‌ಜಿಂಗ್‌ನ ಜಿನ್ ಗ್ವೈ ಯಾವ್ ಲ್ವೆ ಗ್ರಂಥದಲ್ಲಿ ಸುಮ್ಮನೆ ದುಃಖ ಉಕ್ಕಿ ಅಳುವ, ಏನೋ ಮೆಟ್ಟಿಕೊಂಡ ಹಾಗಿರುವ, ಮತ್ತೆಮತ್ತೆ ಆಕಳಿಸಿ ಮೈಮುರಿಯುವ ಹೆಂಗಸರಿಗೆಂದು ಹೇಳಿರುವುದು. ಮೂರೇ ವಸ್ತು, ಮೂರೂ ಸಿಹಿ: ಜ್ಯೇಷ್ಠಮಧು, ಗೋಧಿ, ಕೆಂಪು ಜುಜುಬೆ. ‘ಇದು ಗುಲ್ಮದ ಚಿಯನ್ನೂ ತುಂಬುತ್ತದೆ’ ಎಂದು ಅಲ್ಲೇ ಸೇರಿಸಿದ್ದಾನೆ, ಅಂದರೆ ಸೂಜಿಮೊನೆ ಅವರು ಹೇಳಿದ ಮಣ್ಣು. ಇಂದಿನ ಅಳತೆಯಲ್ಲಿ ದಿನಕ್ಕೆ ಜ್ಯೇಷ್ಠಮಧು 9 ಗ್ರಾಂ, ಇಡೀ ಗೋಧಿ 30 ಗ್ರಾಂ, ಜುಜುಬೆ 10 ಹಣ್ಣು. ನೀರು ಅರ್ಧಕ್ಕೆ ಇಂಗುವ ತನಕ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಬೆಚ್ಚಗೆ ಮೂರು ಪಾಲು ಮಾಡಿ ಕುಡಿಯುವುದು. 900 ಮಿಲಿ ಇಟ್ಟರೆ 450 ಉಳಿಯಬೇಕು.

ಕೆಡುವುದು ಎಲ್ಲಿ? ಜುಜುಬೆ ಸೀಳದೆ ಹಾಕಿದರೆ ಸಿಪ್ಪೆಯೊಳಗೆ ತಿರುಳು ಹಾಗೇ ಉಳಿಯುತ್ತದೆ. ಖರ್ಜೂರ ಹಾಕಿದರೆ ಅದು ಬೇರೆ ಮರ, ಬರೀ ಸಕ್ಕರೆ. ನಮ್ಮ ಎಲಚಿ ಹಣ್ಣು ಜುಜುಬೆಯ ಹತ್ತಿರದ ನಂಟು, ಆದರೂ ಅದೇ ಅಲ್ಲ. ಮೈದಾ, ರವೆ ಕೆಲಸಕ್ಕೆ ಬರುವುದಿಲ್ಲ, ಹೊಟ್ಟು ಸಮೇತ ಕಾಳೇ ಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ ಜ್ಯೇಷ್ಠಮಧು. ಅದರ ಗ್ಲಿಸಿರೈಜಿನ್ ದೇಹದಲ್ಲಿ ಸೋಡಿಯಂ ಹಿಡಿದು ಪೊಟ್ಯಾಸಿಯಂ ಕಳೆಯುತ್ತದೆ. ಬಿಪಿ ಏರಿಕೆ, ಕಾಲಿನ ಊತ, ಮೀನಖಂಡದ ಸೆಳೆತ, ಎದೆಬಡಿತದ ಏರುಪೇರು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ, ಡಿಗಾಕ್ಸಿನ್, ಸ್ಟೀರಾಯ್ಡ್ ತಿನ್ನುವವರು, ಗರ್ಭಿಣಿಯರು ಮುಟ್ಟಲೇಬಾರದು. ಉಳಿದವರೂ ಎರಡು ವಾರಕ್ಕೊಮ್ಮೆ ಬಿಪಿ ನೋಡಿಸದೆ ಮುಂದುವರಿಸಬಾರದು. ಎದೆಬಡಿತ ಕಂಡಾಗ ‘ಆತಂಕ ಹೆಚ್ಚಾಯಿತು’ ಎಂದು ಇನ್ನಷ್ಟು ಕಷಾಯ ಕುಡಿದರೆ ಕಥೆ ಕೆಡುತ್ತದೆ.

ನಿದ್ದೆಗೆ ಸುವಾನ್ ಜಾವೊ ರೆನ್ ಕಷಾಯ. ಅದರ ಮುಖ್ಯ ವಸ್ತು ಹುಳಿ ಜುಜುಬೆಯ ಬೀಜ, 15 ಗ್ರಾಂ ಸುತ್ತಮುತ್ತ. ಸ್ವಲ್ಪ ಹುರಿದು, ಜಜ್ಜಿ ಹಾಕಬೇಕು, ಇಡಿಯಾಗಿ ಹಾಕಿದರೆ ಗಟ್ಟಿ ಸಿಪ್ಪೆ ಏನನ್ನೂ ಬಿಡುವುದಿಲ್ಲ. ಮೂಲದಲ್ಲೂ ಬೀಜವನ್ನು ಮೊದಲು ಒಂಟಿಯಾಗಿ ಕುದಿಸಿ, ಎಂಟು ಪಾಲು ನೀರು ಆರಕ್ಕೆ ಇಳಿದ ಮೇಲೆ ಉಳಿದವನ್ನು ಸೇರಿಸಲು ಹೇಳಿದೆ. ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಮಂಪರು ಒಂದರ ಮೇಲೊಂದು ಕೂಡುತ್ತದೆ, ವೈದ್ಯರನ್ನು ಕೇಳದೆ ಬೇಡ.

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದ್ದು ನುಂಗಲೂ ಆಗದೆ ಉಗುಳಲೂ ಆಗದಿದ್ದರೆ ಬಾನ್ ಶಿಯಾ ಹೌ ಪೊ ಕಷಾಯ. ಸುಟ್ಟ ಮಾಂಸದ ಚೂರು ಗಂಟಲಲ್ಲಿ ಕೂತ ಹಾಗೆ ಅನ್ನುತ್ತದೆ ಗ್ರಂಥ. ಹೇಳಬೇಕಾದದ್ದನ್ನು ವರ್ಷಗಟ್ಟಲೆ ನುಂಗಿಕೊಂಡವರಲ್ಲಿ ಇದು ಎದ್ದು ಕಾಣುತ್ತದೆ. ಆದರೆ ಹಸಿ ಬಾನ್ ಶಿಯಾ ಗಡ್ಡೆ ವಿಷ, ಗಂಟಲು ಸುಟ್ಟು ಊದುತ್ತದೆ. ಸಂಸ್ಕರಿಸಿದ್ದು ಮಾತ್ರ ಬಳಕೆಗೆ. ಮನೆಯಲ್ಲಿ ಮಾಡುವ ಕಷಾಯವೇ ಅಲ್ಲ ಇದು. ನುಂಗಲು ನಿಜವಾಗಿಯೂ ಕಷ್ಟವಾದರೆ, ತೂಕ ಇಳಿದರೆ ಮೊದಲು ಇಎನ್‌ಟಿ ವೈದ್ಯರು.

ಬೆಚ್ಚುವಿಕೆಗೆ ಹೆಸರಾದ ಎರಡು ಔಷಧಿಗಳ ಬಗ್ಗೆ ಎಚ್ಚರಿಕೆ. ಚೈ ಹು ಜಿಯಾ ಲೊಂಗ್ ಗು ಮು ಲಿ ಕಷಾಯದ ಮೂಲ ಪಾಠದಲ್ಲಿ ಸೀಸದ ಕೆಂಪು ಆಕ್ಸೈಡ್ ಇದೆ. ಇಂದಿನ ವೈದ್ಯರು ಅದನ್ನು ಬಿಟ್ಟೇ ಬರೆಯುತ್ತಾರೆ. ಜು ಶಾ ಆನ್ ಶೆನ್ ಗುಳಿಗೆಯಲ್ಲಿ ಇಂಗಳೀಕ, ಅಂದರೆ ಪಾದರಸದ ಸಲ್ಫೈಡ್ ಇದೆ. ‘ಶೆನ್ ಶಾಂತಗೊಳಿಸುವ ಮಾತ್ರೆ’ ಎಂದು ಆನ್‌ಲೈನಿನಲ್ಲಿ ಸಿಗುವ ಹೆಸರಿಲ್ಲದ ಡಬ್ಬಿ ಕೊಳ್ಳಬೇಡಿ. ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಮೂಲಿಕೆಯಲ್ಲಿ ಒಂದು ಬೇರಿನ ಬದಲು ಇನ್ನೊಂದು ಸೇರಿ, ಅದರ ಅರಿಸ್ಟೊಲೋಕಿಕ್ ಆಮ್ಲದಿಂದ ಹಲವು ಹೆಂಗಸರ ಕಿಡ್ನಿ ಹಾಳಾದದ್ದು 1993ರಲ್ಲಿ ವರದಿಯಾಯಿತು. ನಮ್ಮ ಈಶ್ವರಿ ಬೇರು ಅದೇ ಕುಲದ ಬಳ್ಳಿ. ‘ಊರಿನದೇ ಬದಲಿ’ ಎಂದು ಯಾರಾದರೂ ಕೊಟ್ಟರೆ ಬೇಡ ಅನ್ನಿ.

ಸೂಜಿಮೊನೆ:

ಬೇರುನಾರು ಮೇಡಂ ಬರೆದದ್ದಕ್ಕೆ ಸೇರಿಸಲು ಏನೂ ಇಲ್ಲ. ಸೂಜಿಯ ಕಡೆ ಬರುತ್ತೇನೆ.

ಮೊದಲ ಮೂರು ನಾಲ್ಕು ಭೇಟಿಗಳಲ್ಲಿ ಮೊಣಕೈಯಿಂದ ಕೆಳಗೆ, ಮಂಡಿಯಿಂದ ಕೆಳಗೆ ಮಾತ್ರ. ಬಟ್ಟೆ ತೆಗೆಸುವ ಅಗತ್ಯವೇ ಬರಬಾರದು. ನಾಲ್ಕರಿಂದ ಆರು ಸೂಜಿ, 15–20 ನಿಮಿಷ, ಅಂಗಾತ ಅಥವಾ ಒರಗು ಕುರ್ಚಿಯಲ್ಲಿ. ಬೋರಲು ಮಲಗಿಸಬೇಡಿ: ಹಿಂದೆ ಏನು ನಡೆಯುತ್ತಿದೆ ಎಂದು ಕಾಣದ, ಏಳಲಾಗದ ಸ್ಥಿತಿ ಹಳೆಯದನ್ನೇ ಮೈಗೆ ನೆನಪಿಸುತ್ತದೆ. ಕೋಣೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗುವುದಾದರೆ ಕರೆಗಂಟೆ ಕೈಯಲ್ಲಿರಲಿ. ಪ್ರತಿ ಸೂಜಿಗೂ ಮುಂಚೆ ಎಲ್ಲಿ, ಯಾಕೆ ಎಂದು ಹೇಳಿ, ಒಪ್ಪಿಗೆ ಕೇಳಿ. ಇದು ಸೌಜನ್ಯಕ್ಕಲ್ಲ. ಬಾಲ್ಯದಲ್ಲಿ ಮೈಮೇಲಿನ ಹಕ್ಕು ಕಳೆದುಕೊಂಡವರಿಗೆ ‘ಬೇಡ’ ಅಂದದ್ದು ನಡೆಯುತ್ತದೆ ಎಂದು ಗೊತ್ತಾಗುವುದೇ ಚಿಕಿತ್ಸೆಯ ಅರ್ಧ ಭಾಗ.

ಬಿಂದುಗಳು (ಆವರಣದಲ್ಲಿರುವುದು ಚಿ ಹರಿಯುವ ದಾರಿಯ ಹೆಸರು ಮತ್ತು ಬಿಂದುವಿನ ಸಂಖ್ಯೆ): ತ್ಸುಸಾನ್‌ಲಿ (ಜಠರ 36), ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ನಾಲ್ಕು ಬೆರಳ ಅಗಲ ಕೆಳಗೆ, ಮುಂಗಾಲೆಲುಬಿನ ಏಣಿನಿಂದ ಒಂದು ಬೆರಳು ಹೊರಕ್ಕೆ. ಇದು ಮಣ್ಣಿನ ಬಿಂದು. ನೇಯ್‌ಗ್ವಾನ್ (ಪೆರಿಕಾರ್ಡಿಯಂ, ಅಂದರೆ ಹೃದಯದ ಹೊರಪೊರೆ, 6), ಮಣಿಕಟ್ಟಿನ ಒಳಗೆರೆಯಿಂದ ಮೂರು ಬೆರಳ ಅಗಲ ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ. ಶೆನ್‌ಮೆನ್ (ಹೃದಯ 7), ಅದೇ ಗೆರೆಯ ಕಿರುಬೆರಳ ಕಡೆಯ ಗುಳಿ. ತಾಯ್‌ಶಿ (ಮೂತ್ರಪಿಂಡ 3), ಒಳ ಹರಡಿನ ಉಬ್ಬು ಮತ್ತು ಹಿಮ್ಮಡಿಯ ದಪ್ಪ ಸ್ನಾಯುರಜ್ಜುವಿನ ನಡುವೆ. ಮನೆಯಲ್ಲಿ ಬೆರಳಿಂದ ಒತ್ತುವುದಾದರೂ ಇವೇ ಸಾಕು, ಒಂದೊಂದಕ್ಕೂ ಒಂದೆರಡು ನಿಮಿಷ, ನೋಯುವಷ್ಟು ಬೇಡ. ಅಂಗಾಲಿನ ಯೊಂಗ್‌ಚ್ವಾನ್‌ಗೆ (ಮೂತ್ರಪಿಂಡ 1) ಸೂಜಿ ಬಲು ನೋವು, ಅಲ್ಲಿ ಮಲಗುವ ಮುಂಚೆ ಅಂಗೈಯಿಂದ ಉಜ್ಜುವುದೇ ಸರಿ.

ಶಿಬಿರಗಳಲ್ಲಿ ಬಾಯಿಂದ ಬಾಯಿಗೆ ಹೋಗುವುದು ಬೆನ್ನಿನ ಹೊರಸಾಲಿನ ಐದು ಚೈತನ್ಯ ಬಿಂದುಗಳು, ಮೂತ್ರಕೋಶ 42, 44, 47, 49, 52. ಹೆಸರು ಆಕರ್ಷಕವಾಗಿದೆ, ಆದರೆ ಅವಕ್ಕೆ ಬೋರಲು ಮಲಗಬೇಕು, ಮೇಲಿನವುಗಳ ಕೆಳಗೇ ಶ್ವಾಸಕೋಶವಿದೆ. ಓರೆಯಾಗಿ 0.3–0.5 ತ್ಸುನ್ (ರೋಗಿಯ ಹೆಬ್ಬೆರಳ ಅಗಲ ಒಂದು ತ್ಸುನ್) ಮೀರಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ತಿಂಗಳುಗಳ ನಂಬಿಕೆ ಬೆಳೆದ ಮೇಲೆ, ಅನುಭವಿ ಕೈಯಲ್ಲಿ ಮಾತ್ರ.

ಸೂಜಿಗೆ ತಲೆಸುತ್ತಿ ಬೀಳುವುದು ಭಯಸ್ಥರಲ್ಲಿ, ಹಸಿದವರಲ್ಲಿ ಹೆಚ್ಚು. ಮುಖ ಬಿಳುಚಿ ತಣ್ಣನೆ ಬೆವರು ಬಂದರೆ ಎಲ್ಲ ಸೂಜಿ ತೆಗೆದು, ಕಾಲು ಎತ್ತರಿಸಿ ಮಲಗಿಸಿ. ಸುಧಾರಿಸಿದ ಮೇಲೆ ಬೆಚ್ಚನೆ ನೀರು. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಬರಬೇಡಿ ಅನ್ನುವುದು.

ಕೈಕಾಲು ಮುಟ್ಟಿಸಿಕೊಳ್ಳುವುದೂ ಬೇಡ ಅನ್ನುವವರಿಗೆ ಕಿವಿಯ ಐದು ಬಿಂದುಗಳಿಗೆ ಮಾತ್ರ ಸೂಜಿ ಹಾಕುವ ನಾಡಾ ಪದ್ಧತಿ ಒಳ್ಳೆಯದು: ಸಿಂಪಥೆಟಿಕ್, ಶೆನ್‌ಮೆನ್, ಕಿಡ್ನಿ, ಯಕೃತ್ತು, ಶ್ವಾಸಕೋಶ. ನ್ಯೂಯಾರ್ಕ್‌ನ ದಕ್ಷಿಣ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ಮಾದಕ ವ್ಯಸನಿಗಳಿಗೆಂದು ಬೆಳೆದದ್ದು, ನಾಡಾ ಸಂಸ್ಥೆಯಾದದ್ದು 1985ರಲ್ಲಿ. ಬಟ್ಟೆ ತೊಟ್ಟೇ, ಗುಂಪಿನಲ್ಲಿ ಕುರ್ಚಿಯ ಮೇಲೆ 30–45 ನಿಮಿಷ. ಏನು ನಡೆಯಿತು ಎಂದು ಯಾರಿಗೂ ಹೇಳಬೇಕಾಗಿಲ್ಲ.

ಕಬ್ಬನ್‌ಪಾರ್ಕ್:

ಇಷ್ಟೆಲ್ಲ ಸರಿ, ಪುರಾವೆ ಏನಿದೆ?

ಸೂಜಿಮೊನೆ:

ಸ್ವಲ್ಪ ಇದೆ. 2007ರಲ್ಲಿ ಅಮೆರಿಕದಲ್ಲಿ ಪಿಟಿಎಸ್‌ಡಿ ಇರುವ 84 ಮಂದಿಯನ್ನು ಆಕ್ಯುಪಂಕ್ಚರ್, ಗುಂಪು ಸಿಬಿಟಿ, ಕಾಯುವ ಪಟ್ಟಿ ಎಂದು ಮೂರು ಪಾಲು ಮಾಡಿದ ಪ್ರಯೋಗ ಪ್ರಕಟವಾಯಿತು. 12 ವಾರಗಳ ಕೊನೆಗೆ ಮೊದಲ ಎರಡೂ ಗುಂಪು ಕಾಯುವವರಿಗಿಂತ ಸುಧಾರಿಸಿದ್ದವು. 2024ರಲ್ಲಿ ಯುದ್ಧದಿಂದ ಬಂದ 93 ಮಾಜಿ ಸೈನಿಕರ ಮೇಲಿನ ಪ್ರಯೋಗದಲ್ಲಿ ನಿಜವಾದ ಸೂಜಿ ನಕಲಿ ಸೂಜಿಗಿಂತ ಹೆಚ್ಚು ಕೆಲಸ ಮಾಡಿತು. ಎರಡೂ ಚಿಕ್ಕ ಪ್ರಯೋಗಗಳು, ಎರಡರಲ್ಲೂ ವಯಸ್ಕರು, ಬಾಲ್ಯದ ಆಘಾತಕ್ಕೆಂದೇ ಮಾಡಿದವಲ್ಲ. ನಕಲಿ ಸೂಜಿಯ ಗುಂಪೂ ಗಣನೀಯವಾಗಿ ಸುಧಾರಿಸಿತ್ತು ಎಂಬುದನ್ನು ಮರೆಯಬಾರದು. ಶಾಂತವಾದ ಕೋಣೆ, ನಿಗದಿತ ಹೊತ್ತು, ಗೌರವದಿಂದ ನಡೆಸಿಕೊಳ್ಳುವ ಕೈ, ಇವಕ್ಕೂ ಪಾಲಿದೆ.

ಶಾಸನಪ್ರಿಯ:

ಜಿನ್ ಕಾಲದ ಜಾಂಗ್ ತ್ಸೊಂಗ್‌ಜೆಂಗ್‌ನ (1156–1228) ಪ್ರಸಿದ್ಧ ಪ್ರಕರಣ ಇಲ್ಲಿ ಬರಲೇಬೇಕು. ಒಬ್ಬ ಹೆಂಗಸು ಪ್ರಯಾಣದಲ್ಲಿ ತಂಗಿದ್ದ ಮನೆಗೆ ರಾತ್ರಿ ಕಳ್ಳರು ನುಗ್ಗಿ ಬೆಂಕಿ ಇಟ್ಟರು, ಆಕೆ ಬೆಚ್ಚಿ ಹಾಸಿಗೆಯಿಂದ ಬಿದ್ದಳು. ಆಮೇಲೆ ಸಣ್ಣ ಸದ್ದಾದರೂ ಮೂರ್ಛೆ. ಮನೆಯವರೆಲ್ಲ ತುದಿಗಾಲಲ್ಲಿ ನಡೆಯುತ್ತಿದ್ದರು. ವರ್ಷ ದಾಟಿದರೂ ಹೃದಯದ ಕಾಯಿಲೆಯೆಂದು ಕೊಟ್ಟ ಜಿನ್ಸೆಂಗ್, ಮುತ್ತಿನ ಔಷಧಿ ಯಾವುದೂ ನಾಟಲಿಲ್ಲ. ಜಾಂಗ್ ಆಕೆಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ದಾಸಿಯರಿಂದ ಕೈ ಹಿಡಿಸಿ, ಎದುರಿಗೆ ತಗ್ಗು ಮೇಜಿಟ್ಟು, ‘ಇಲ್ಲಿ ನೋಡಿ’ ಎಂದು ಕೋಲಿಂದ ಹೊಡೆದ. ಬೆಚ್ಚಿದಳು. ‘ಮೇಜಿಗೆ ಹೊಡೆದರೆ ಬೆಚ್ಚುವುದೇಕೆ?’ ಅಂದ. ಮತ್ತೆಮತ್ತೆ ಹೊಡೆದ, ಬೆಚ್ಚುವುದು ಕಡಿಮೆಯಾಯಿತು. ಆಮೇಲೆ ಬಾಗಿಲಿಗೆ, ಆಮೇಲೆ ಆಕೆಯ ಬೆನ್ನ ಹಿಂದಿನ ಕಿಟಕಿಗೆ. ಕೊನೆಗೆ ಆಕೆ ನಕ್ಕಳು. ಆ ರಾತ್ರಿ ಬೆಳಗಿನ ತನಕ ಬಾಗಿಲು ಕಿಟಕಿ ಬಡಿಸಿದ. ಮುಂದೆ ಗುಡುಗಿಗೂ ಬೆಚ್ಚಲಿಲ್ಲ. ಬೆಚ್ಚಿದ್ದನ್ನು ಸಮಗೊಳಿಸು ಎಂದು ನೇಯ್‌ಜಿಂಗ್ ಹೇಳಿದ್ದನ್ನು ಅವನು ‘ಮಾಮೂಲಿಯಾಗಿಸು’ ಎಂದು ತೆಗೆದುಕೊಂಡ.

ಮಾತುಕತೆ:

ಹೆದರಿಸುವುದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಎಕ್ಸ್‌ಪೋಶರ್ ಚಿಕಿತ್ಸೆಯ ಏಣಿ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೆ: ಕಣ್ಣೆದುರಿನ ಸದ್ದು, ದೂರದ ಸದ್ದು, ಬೆನ್ನ ಹಿಂದಿನ ಸದ್ದು, ಕತ್ತಲಿನ ಸದ್ದು. ಅದ್ಭುತವಾದ ಪ್ರಕರಣ. ಆದರೆ ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗ ಮಾಡಬಾರದು ಎಂದು ಕೈಮುಗಿದು ಕೇಳುತ್ತೇನೆ. ಆಕೆ ದೊಡ್ಡವಳಾದ ಮೇಲೆ, ಒಂದೇ ಘಟನೆಯಿಂದ, ಹೊರಗಿನವರಿಂದ ಬೆದರಿದವಳು. ಮನೆಯವರು ಆಕೆಯ ಪರ ಇದ್ದರು. ಬಾಲ್ಯದ ಆಘಾತದಲ್ಲಿ ಘಟನೆ ಸಾವಿರ, ಬೆದರಿಸಿದವರೇ ಅನ್ನ ಹಾಕಿದವರು. ಅಂಥವರ ಕೈ ಹಿಡಿಸಿ ಎದುರಿಗೆ ಕೋಲು ಎತ್ತಿದರೆ ಅದು ಚಿಕಿತ್ಸೆಯಲ್ಲ, ಅದೇ ಹಿಂಸೆ ಇನ್ನೊಮ್ಮೆ. ಏಣಿಯ ಮೊದಲ ಮೆಟ್ಟಿಲು ಯಾವುದು, ಯಾವಾಗ ಇಳಿಯಬೇಕು ಎಂಬುದು ಹತ್ತುವವರ ಕೈಯಲ್ಲೇ ಇರಬೇಕು.

ಶಾಸನಪ್ರಿಯ:

ಒಪ್ಪಿದೆ ಮೇಡಂ. ಹೇಳಿದ್ದು ಒಳ್ಳೆಯದಾಯಿತು.

ಸಿಂಗಪುರ_ಕನ್ನಡತಿ:

ಇಲ್ಲಿ ಚೀನೀ ವೈದ್ಯಕ್ಕೆ 2000ದ ಕಾಯ್ದೆ ಇದೆ, ನೋಂದಣಿಯಾದವರ ಹೆಸರನ್ನು ಮಂಡಳಿಯ ಜಾಲತಾಣದಲ್ಲೇ ನೋಡಿಕೊಳ್ಳಬಹುದು. ಕರ್ನಾಟಕದಲ್ಲಿ ಹುಡುಕುವವರು ಏನು ನೋಡಬೇಕು?

ಸೂಜಿಮೊನೆ:

ಭಾರತ ಸರ್ಕಾರ ಆಕ್ಯುಪಂಕ್ಚರನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಒಪ್ಪಿದ್ದು 2019ರಲ್ಲಿ. ವಾರಾಂತ್ಯದ ಸರ್ಟಿಫಿಕೇಟ್‌ಗಳೂ ಓಡಾಡುತ್ತಿವೆ. ನಮ್ಮಲ್ಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದವರಿಗೆ ಆಕ್ಯುಪಂಕ್ಚರ್ ಪಠ್ಯದಲ್ಲೇ ಇರುತ್ತದೆ, ಅಂಗರಚನೆಯೂ ಗೊತ್ತಿರುತ್ತದೆ, ಅಲ್ಲಿಂದ ಹುಡುಕಿ. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು. ಹೆಂಗಸರು ಬೇಕಾದರೆ ಜೊತೆಗೊಬ್ಬರನ್ನು ಕೋಣೆಯೊಳಗೆ ಕೂರಿಸಿಕೊಳ್ಳಬಹುದೇ ಎಂದು ಫೋನಿನಲ್ಲೇ ಕೇಳಿ. ಹಿಂದೆಮುಂದೆ ನೋಡಿದರೆ ಆ ಕಡೆ ಹೋಗಲೇಬೇಡಿ. ಬೈಲಕುಪ್ಪೆಯ ಟಿಬೆಟನ್ ವೈದ್ಯವನ್ನು ಇದರ ಜೊತೆ ಬೆರೆಸಬೇಡಿ, ಅದು ಸೋವಾ ರಿಗ್ಪಾ, ಬೇರೆಯೇ ಶಾಸ್ತ್ರ.

ಅಂಗನವಾಡಿ_ಹಾದಿ:

ಎಲ್ಲರೂ ದೊಡ್ಡವರ ಬಗ್ಗೆ ಬರೆದಿದ್ದೀರಿ. ನಾಲ್ಕೈದು ವರ್ಷದ ಮಗು ರಾತ್ರಿ ಬೆಚ್ಚಿ ಚೀರುತ್ತಿದ್ದರೆ ಈ ಪದ್ಧತಿಯಲ್ಲಿ ಏನಿದೆ?

ಸೂಜಿಮೊನೆ:

ಸೂಜಿಯೂ ಬೇಡ, ಕಷಾಯವೂ ಬೇಡ. ಮಕ್ಕಳ ತ್ವೇಯ್‌ನಾ ಎಂಬ ಉಜ್ಜುವ ಕಲೆ ಇದೆ. ಅಂಗೈಯ ಬುಡದಲ್ಲಿ ಹೆಬ್ಬೆರಳ ದಿಂಬು ಮತ್ತು ಕಿರುಬೆರಳ ಕಡೆಯ ದಿಂಬು ಸೇರುವ ತಗ್ಗಿಗೆ ‘ಶಿಯಾವ್ ತಿಯೆನ್ ಶಿನ್’ ಎಂದು ಹೆಸರು, ಬೆಚ್ಚುವ ಮಕ್ಕಳಿಗೆ ಅದೇ ಜಾಗ. ಮಲಗುವ ಮುಂಚೆ ನಿಮ್ಮ ಹೆಬ್ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಚರ್ಮ ಸರಿಯುವಷ್ಟೇ ಒತ್ತಿ, ನಿಧಾನವಾಗಿ 100ರಿಂದ 200 ಸಲ ಸುತ್ತಿಸಿ. ಎಣಿಕೆಯನ್ನು ಮಗುವಿಗೆ ಕೇಳುವಂತೆ ಹೇಳಿ. ಕೈ ಎಳೆದುಕೊಂಡರೆ ಅಲ್ಲಿಗೆ ಬಿಡಿ. ಜ್ವರ, ಕೈಕಾಲು ಎಳೆತ, ಕಣ್ಣು ಮೇಲೆ ಸಿಕ್ಕುವುದು ಇದ್ದರೆ ಉಜ್ಜುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಮಾತುಕತೆ:

ಅದಕ್ಕೂ ಮುಂಚೆ ಒಂದು ಪ್ರಶ್ನೆ: ಮಗು ಈಗ ಸುರಕ್ಷಿತವಾಗಿದೆಯೇ? ಥಟ್ಟನೆ ಹಾಸಿಗೆ ಒದ್ದೆಯಾಗತೊಡಗಿದರೆ, ಒಬ್ಬ ವ್ಯಕ್ತಿಯ ಹತ್ತಿರ ಹೋಗಲು ಮಾತ್ರ ಹೆದರಿದರೆ, ವಯಸ್ಸಿಗೆ ಮೀರಿದ ಲೈಂಗಿಕ ಆಟ ಆಡಿದರೆ ಮೊದಲು ಅದನ್ನು ನೋಡಬೇಕು. ದೌರ್ಜನ್ಯದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಗುವನ್ನು ಮತ್ತೆಮತ್ತೆ ಪ್ರಶ್ನಿಸಬೇಡಿ, ಅದು ಹೇಳಿದ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ಕಬ್ಬನ್‌ಪಾರ್ಕ್:

ಕೊನೆಯದಾಗಿ ಊಟದ ಬಗ್ಗೆ ಒಂದು ಸಾಲು ಹೇಳಿ. ಬೆಳಗ್ಗೆ ಏನೂ ಇಳಿಯುವುದಿಲ್ಲ ಅನ್ನುವವರು ಏನು ಮಾಡಬೇಕು?

ಬೇರುನಾರು:

ಚೀನೀ ಗಡಿಯಾರದಲ್ಲಿ ಬೆಳಗ್ಗೆ 7ರಿಂದ 9 ಜಠರದ ಹೊತ್ತು, 9ರಿಂದ 11 ಗುಲ್ಮದ್ದು. ಅಷ್ಟರೊಳಗೆ ಬೆಚ್ಚಗಿನದು ಏನಾದರೂ ಹೊಟ್ಟೆಗೆ ಬೀಳಲಿ. ಅನ್ನದ ಗಂಜಿ ಸಾಕು, ಅಕ್ಕಿ ಒಂದು ಪಾಲಿಗೆ ನೀರು ಎಂಟು ಹತ್ತು ಪಾಲು, ಕಾಳು ಒಡೆದು ಕರಗುವ ತನಕ. ಸೀಳಿದ ಜುಜುಬೆ ಎರಡು ಮೂರು ಹಾಕಬಹುದು, ಸಕ್ಕರೆ ಕಾಯಿಲೆ ಇದ್ದರೆ ಬೇಡ. ಹೊಟ್ಟೆ ತೊಳಸುತ್ತಿದ್ದರೆ ಎರಡು ಚೂರು ಶುಂಠಿ. ಮೊದಲ ವಾರ ನಾಲ್ಕು ಚಮಚ ಇಳಿದರೂ ಸಾಕು, ಆದರೆ ದಿನಾ ಅದೇ ಹೊತ್ತಿಗೆ. ಖಾಲಿ ಹೊಟ್ಟೆಗೆ ಕಾಫಿ ಬೇಡ, ಎದೆಬಡಿತ ಹೆಚ್ಚಿ ಅದನ್ನೇ ಭಯ ಅಂದುಕೊಳ್ಳುತ್ತದೆ ಮೈ. ಗಂಜಿಯ ನಂತರ ಒಂದರ್ಧ ಗಂಟೆ ಬಿಟ್ಟು ಕುಡಿಯಲಿ.